ಹದಿನಾಲ್ಕು ತಿರುವು, ಒಂದೇ ಸಿಲಿಂಡರ್

ಆಗುಂಬೆ ಪೇಟೆ ದಾಟುವಾಗ ಸಿಲಿಂಡರಿನ ಮುಳ್ಳು 85ಕ್ಕೆ ಇಳಿದಿತ್ತು. ಅಪ್ಪಯ್ಯನ ಬೆರಳಿಗೆ ಕಚ್ಚಿಸಿದ್ದ ಆಕ್ಸಿಮೀಟರ್ 86 ತೋರಿಸುತ್ತಿತ್ತು. ಒಂದು ಉಕ್ಕಿನ ಬುಂಡೆಯೊಳಗಿನ ಒತ್ತಡ, ಇನ್ನೊಂದು ಅಪ್ಪಯ್ಯನ ರಕ್ತದ ಆಮ್ಲಜನಕ. ಎರಡೂ ಇಳಿಯುತ್ತಿದ್ದವು. ಯಾವುದು ಮೊದಲು ಕೈಕೊಡುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ.

2021ರ ಮೇ 15, ಶನಿವಾರ ರಾತ್ರಿ. ಅರಬ್ಬಿ ಸಮುದ್ರದಲ್ಲಿ ಎದ್ದಿದ್ದ ತೌಕ್ತೆ ಚಂಡಮಾರುತ ಕರಾವಳಿಯ ಅಂಚು ಹಿಡಿದು ಉತ್ತರಕ್ಕೆ ಸಾಗುತ್ತಿತ್ತು. ಗಾಳಿ ಮಳೆಯನ್ನು ಅಡ್ಡಡ್ಡ ಬೀಸಿ ಹೊಡೆಯುತ್ತಿತ್ತು. ಓಮ್ನಿಯ ವೈಪರ್ ಒಂದು ಸಲ ಒರೆಸಿ ಮುಗಿಸುವುದರೊಳಗೆ ಗಾಜು ಮತ್ತೆ ಕುರುಡಾಗುತ್ತಿತ್ತು. ಮುಂದೆ ಘಾಟಿ. ಕೆಳಗೆ ಸೋಮೇಶ್ವರ, ಹೆಬ್ರಿ, ಆಮೇಲೆ ಮಣಿಪಾಲ. ಅಲ್ಲಿ ಅಪ್ಪಯ್ಯನ ಹೆಸರಿಗೆ ಒಂದು ಹಾಸಿಗೆ ಇತ್ತು, ಅದೂ ಹತ್ತೂವರೆಯ ತನಕ ಮಾತ್ರ.

ಭಾವ ಗಾಡಿಯನ್ನು ಎರಡನೇ ಗೇರಿಗೆ ಹಾಕಿ, ತಿರುಗಿಯೂ ನೋಡದೆ ಕೇಳಿದರು. "ಇಳಿಸ್ಲಾ?"

"ಇಳ್ಸಿ ಭಾವ."

ಜ್ವರ ಶುರುವಾದಾಗ ಮನೆಯಲ್ಲಿ ಯಾರೂ ಕೊರೊನಾದ ಹೆಸರು ಎತ್ತಿರಲಿಲ್ಲ. ಬೇಸಿಗೆಯಲ್ಲಿ ಜ್ವರ ಬಂದರೆ ಕಾಡಿನಂಚಿನವರಾದ ನಮಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಜ್ವರಕ್ಕೆ ಹೆದರಿಕೊಂಡೇ ನಮ್ಮ ಕಡೆಯ ತಲೆಮಾರುಗಳು ಬೆಳೆದಿವೆ. ಅಪ್ಪಯ್ಯನಿಗೆ ಎಪ್ಪತ್ತೆರಡು. ಏಪ್ರಿಲ್‌ನಲ್ಲಿ ಕೋವಿಶೀಲ್ಡ್‌ನ ಮೊದಲ ಡೋಸ್ ಆಗಿತ್ತು. ಎರಡನೆಯದಕ್ಕೆ ಕಾಯುತ್ತಿದ್ದಾಗಲೇ, ಮೇ 13ರಂದು, ಡೋಸ್‌ಗಳ ನಡುವಿನ ಅಂತರ 12ರಿಂದ 16 ವಾರಕ್ಕೆ ಹೋಯಿತು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಮೂಗಿನ ದ್ರವ ತೆಗೆಸಿ ಕಳಿಸಿಯಾಗಿತ್ತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಗುಡ್ಡದ ನೆತ್ತಿ ಹತ್ತಿ ನಿಂತಾಗ ಸಂದೇಶಗಳು ಒಟ್ಟಿಗೇ ಬಂದು ಬಿದ್ದವು. ಅಪ್ಪಯ್ಯ ಪಾಸಿಟಿವ್. ಅಮ್ಮ ಪಾಸಿಟಿವ್. ನಾನು ನೆಗೆಟಿವ್.

ಅಮ್ಮನಿಗೆ ಮೈಕೈ ನೋವು ಬಿಟ್ಟರೆ ಏನೂ ಇರಲಿಲ್ಲ. ಆಕ್ಸಿಮೀಟರಿನಲ್ಲಿ 97. ಅಪ್ಪಯ್ಯನದು 94, ಆಮೇಲೆ 92, ಆಮೇಲೆ 89. ಕಾಯಿಲೆಯ ಮೋಸ ಇದ್ದದ್ದು ಇಲ್ಲಿ. ಮನುಷ್ಯನಿಗೆ ಏದುಸಿರಿಲ್ಲ, ಸಂಕಟವಿಲ್ಲ, ರಕ್ತದ ಆಮ್ಲಜನಕ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. 89 ಇದ್ದಾಗಲೂ ಅಪ್ಪಯ್ಯ ಜಗುಲಿಗೆ ಬಂದು, ತೋಟದ ಬಸಿಗಾಲುವೆ ಬಿಡಿಸಿದ್ದಾರಾ, ಮಳೆ ಹಿಡಿಯುವುದರೊಳಗೆ ಮೈಲುತುತ್ತ ತಂದಿದ್ದಾರಾ ಎಂದು ವಿಚಾರಿಸುತ್ತಿದ್ದರು. ನಾವು ಆಕ್ಸಿಮೀಟರನ್ನು ಅವರಿಗೆ ಕಾಣದ ಹಾಗೆ ಕೈಯಲ್ಲಿ ಮುಚ್ಚಿ ಓದಿ, "ಚೆನ್ನಾಗಿದೆ ಅಪ್ಪಯ್ಯ, 95" ಎನ್ನುತ್ತಿದ್ದೆವು.

ಫೋನಿನಲ್ಲಿ ಸಿಕ್ಕ ವೈದ್ಯರು ಎರಡು ಮಾತು ಹೇಳಿದರು. ಆಮ್ಲಜನಕ ಬೇಕಾದ ಸ್ಥಿತಿಗೆ ಬಂದಿದ್ದಾರೆ, ಡೆಕ್ಸಾಮೆಥಾಸೋನ್ ಶುರು ಮಾಡಿ. ಮತ್ತು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಆ ಹಳೆಯ ಅಗ್ಗದ ಸ್ಟಿರಾಯ್ಡ್ ಕೋವಿಡ್‌ನಲ್ಲಿ ಜೀವ ಉಳಿಸುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿತ್ತು. ಆಮ್ಲಜನಕ ಬೇಕಾದವರಿಗೆ ಮಾತ್ರ ಅದರಿಂದ ಲಾಭ. ಮೊದಲ ಮಾತು ಪಾಲಿಸುವುದು ಸುಲಭವಿತ್ತು. ಎರಡನೆಯದಕ್ಕೆ ಹಾಸಿಗೆ ಎಲ್ಲಿ? ಹತ್ತಿರದ ಊರುಗಳಲ್ಲಿ ಕೇಳಿದ ಕಡೆಯೆಲ್ಲ ಒಂದೇ ಉತ್ತರ, ಭರ್ತಿ. ಆ ಮೇ ತಿಂಗಳ ಐದನೇ ತಾರೀಖು ಒಂದೇ ದಿನ ರಾಜ್ಯದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಪ್ರಕರಣ. ಅದಕ್ಕೂ ಮೊದಲು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ 24 ಮಂದಿ ತೀರಿಕೊಂಡ ಸುದ್ದಿ. ಬಹರೇನ್‌ನಿಂದ ನೌಕಾಪಡೆಯ ತಲ್ವಾರ್ ಹಡಗು ದ್ರವ ಆಮ್ಲಜನಕ ಹೊತ್ತು ನವ ಮಂಗಳೂರು ಬಂದರಿಗೆ ಬಂದದ್ದನ್ನು ಟೀವಿಯಲ್ಲಿ ನೋಡಿದ್ದೆವು. ದೇಶ ಉಸಿರನ್ನು ಟನ್ನುಗಳಲ್ಲಿ ಅಳೆಯುತ್ತಿದ್ದಾಗ, ನಮಗೆ ಬೇಕಾಗಿದ್ದದ್ದು ಒಂದು ರಾತ್ರಿಗಾಗುವಷ್ಟು.

ಅದು ಬೈಕಿನ ಹಿಂದಿನ ಸೀಟಿನಲ್ಲಿ ಬಂತು. ಊರಿನ ಯುವಕರು ಚಂದಾ ಎತ್ತಿ ತಂದಿಟ್ಟಿದ್ದ ಬಿ ಟೈಪ್ ಸಿಲಿಂಡರ್. ಪೂರ್ತಿ ತುಂಬಿದಾಗ ಮುಳ್ಳು 150ರಲ್ಲಿರುತ್ತದೆ, ಒಳಗೆ ಸುಮಾರು 1500 ಲೀಟರ್. ತಂದುಕೊಟ್ಟ ಹುಡುಗ ಅಂಗಳದಾಚೆಯೇ ನಿಂತು ಕೂಗಿ ಪಾಠ ಹೇಳಿದ. "ಮುಳ್ಳನ್ನ ಹತ್ತರಿಂದ ಗುಣಿಸಿ ಅಕ್ಕ, ಅಷ್ಟು ಲೀಟರ್ ಉಳಿದದೆ. ನಿಮಿಷಕ್ಕೆ ಎಷ್ಟು ಬಿಡ್ತೀರೋ ಅದರಿಂದ ಭಾಗಿಸಿ, ಅಷ್ಟು ನಿಮಿಷ."

ಅಮೆರಿಕದ ಡಲ್ಲಾಸ್‌ನಲ್ಲಿರುವ ತಮ್ಮ ರಾತ್ರಿಯಿಡೀ ಫೋನ್ ಹಿಡಿದು ಕೂತಿದ್ದ. ಬರಲು ವಿಮಾನ ಸಿಗಲಿಲ್ಲ, ಬಂದರೂ ಒಳಗೆ ಬಿಡುವವರಿಲ್ಲ. ಆ ಸಂಕಟವನ್ನೆಲ್ಲ ಅವನು ನಂಬರ್ ಒತ್ತುವುದರಲ್ಲಿ ತೀರಿಸಿಕೊಂಡ. ಕೊನೆಗೆ ಮಣಿಪಾಲದಲ್ಲಿ ಒಂದು ಹಾಸಿಗೆ ಹಿಡಿದ. ಜಿಲ್ಲೆ ದಾಟಬೇಕು, ಘಾಟಿ ಇಳಿಯಬೇಕು, ಮೇಲೆ ಚಂಡಮಾರುತ. ಆಂಬುಲೆನ್ಸ್ ಯಾವಾಗ ಬರುತ್ತದೆಂದು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅಡಿಕೆ ಮೂಟೆ ಸಾಗಿಸುವ ಭಾವನ ಓಮ್ನಿಯ ಹಿಂದಿನ ಸೀಟುಗಳನ್ನು ಬಿಚ್ಚಿದೆವು. ಹಾಸಿಗೆ ಹಾಸಿದೆವು. ಸಿಲಿಂಡರನ್ನು ಉದ್ದಕ್ಕೆ ಮಲಗಿಸಿ, ಅಲುಗದಂತೆ ಹಗ್ಗದಲ್ಲಿ ಬಿಗಿದೆವು. ಆಮ್ಲಜನಕ ಮತ್ತು ಸೋಂಕು ಎರಡೂ ಒಳಗೇ ತುಂಬಿಕೊಳ್ಳಬಾರದೆಂದು ಕಿಟಕಿಗಳನ್ನು ಅರ್ಧ ತೆರೆದೇ ಇಡಬೇಕಿತ್ತು. ಮಳೆ ನೇರ ಒಳಗೆ ಬಂತು. ನಾನು ರೇನ್‌ಕೋಟ್, ಎನ್-95, ಮುಖಗವಸು ಹಾಕಿ ಹಿಂದೆ ಕೂತೆ. ಭಾವನ ಮಗ ಮುಂದೆ ಕೂತು, ಹಿಂದಕ್ಕೆ ವಾಲಿ, ನೀರಿನ ಬಾಟಲಿಯನ್ನು ನೆಟ್ಟಗೆ ಹಿಡಿದ. ಆಮ್ಲಜನಕ ಆ ನೀರಿನೊಳಗೆ ಗುಳುಗುಳು ಎಂದು ಹಾದು ತೇವವಾಗಿ ಬರಬೇಕು. ಬಾಟಲಿ ವಾಲಿದರೆ ನೀರೇ ಕೊಳವೆಗೆ ನುಗ್ಗುತ್ತದೆ.

ಅಮ್ಮ ಜಗುಲಿಯ ಕಂಬದ ಆಚೆ ನಿಂತಿದ್ದಳು. ಗಂಜಿಯ ಫ್ಲಾಸ್ಕು, ಆಧಾರ್ ಕಾರ್ಡು, ಮಾತ್ರೆಯ ಡಬ್ಬಿ ಎಲ್ಲವನ್ನೂ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದಳು. ಮದುವೆಯಾಗಿ ನಲವತ್ತಾರು ವರ್ಷವಾದವರು ಕೈ ಮುಟ್ಟದೆ ಬೇರೆಯಾದರು. "ನಂಗೆಂಥ ಆಗದಿಲ್ಲ, ನೀವು ಹೊರಡಿ" ಎಂದಷ್ಟೇ ಹೇಳಿದಳು. ಹೊರಟಾಗ ಮುಳ್ಳು 110.

ಮೇಗರವಳ್ಳಿ ದಾಟಿ ಆಗುಂಬೆ ತಲುಪುವುದರೊಳಗೆ 250 ಲೀಟರ್ ಖರ್ಚಾಗಿತ್ತು. ಕಾಗದ ಒದ್ದೆಯಾಗಿ ಹರಿದುಹೋದದ್ದರಿಂದ ಲೆಕ್ಕವನ್ನು ಎಡ ಮುಂಗೈ ಮೇಲೆ ಪೆನ್ನಿನಲ್ಲಿ ಬರೆಯತೊಡಗಿದೆ. 7.00 – 110. 7.50 – 85. ಸ್ಯಾಚುರೇಷನ್ ಕುಸಿಯುತ್ತಿದ್ದುದರಿಂದ ನಿಮಿಷಕ್ಕೆ 5 ಲೀಟರ್ ಇದ್ದದ್ದನ್ನು 6ಕ್ಕೆ ಏರಿಸಬೇಕಾಯಿತು. 850 ಲೀಟರ್, 6ರಿಂದ ಭಾಗಿಸಿದರೆ ಸುಮಾರು ನೂರನಲವತ್ತು ನಿಮಿಷ. ಮಣಿಪಾಲಕ್ಕೆ ಇನ್ನೂ ಐವತ್ತು ಕಿಲೋಮೀಟರ್ ಮೇಲೆ. ದಾರಿ ಸರಿಯಿದ್ದರೆ ಸಾಕು.

ದಾರಿ ಸರಿಯಿರಲಿಲ್ಲ. ಒಂದೊಂದು ತಿರುವಿನಲ್ಲೂ ಭಾವ ಹಾರನ್ ಹೊಡೆದು, ಪೂರ್ತಿ ಸ್ಟೀರಿಂಗ್ ತಿರುಗಿಸಿ, ಮತ್ತೆ ನೇರ ಮಾಡಿಕೊಳ್ಳುತ್ತಿದ್ದರು. ಮೇಲಿನಿಂದ ಕೆಂಪು ನೀರು ರಸ್ತೆಗೆ ಅಡ್ಡ ಹರಿದು ಪ್ರಪಾತಕ್ಕೆ ಬೀಳುತ್ತಿತ್ತು. ಮೂರನೇ ತಿರುವಿನಲ್ಲಿ ಬಾಟಲಿ ವಾಲಿತು. ನೀರು ಕೊಳವೆಗೆ ಏರಿ ಅಪ್ಪಯ್ಯ ಕೆಮ್ಮಿದರು, ಕೆಮ್ಮುತ್ತಲೇ ಇದ್ದರು. 82. ಮಾಸ್ಕ್ ಕಿತ್ತು, ಕೊಳವೆ ಬಿಚ್ಚಿ, ಕೊಡವಿ, ಮತ್ತೆ ಸಿಕ್ಕಿಸುವುದರೊಳಗೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. "ಬಾಟ್ಲಿ ನೀರು ಚೆಲ್ಲೋ ಮಾಣಿ, ಒಣ ಗಾಳಿನೇ ಹೋಗ್ಲಿ" ಎಂದು ಭಾವ ಕೂಗಿದರು. ಚೆಲ್ಲಿದ.

ಏಳನೇ ತಿರುವು ಮುಗಿಯುವಲ್ಲಿ ಬ್ರೇಕ್ ಬಿತ್ತು. ದೀಪದ ಬೆಳಕಿನಲ್ಲಿ ರಸ್ತೆಯಿರಲಿಲ್ಲ, ಎಲೆಗಳಿದ್ದವು. ದೊಡ್ಡ ಮರವೊಂದು ಧರೆಯಿಂದ ಕಿತ್ತುಬಂದು, ಈ ತುದಿ ಧರೆಗೆ, ಆ ತುದಿ ತಡೆಗೋಡೆಗೆ ಆನಿಕೊಂಡು ಸೊಂಟದೆತ್ತರದಲ್ಲಿ ಅಡ್ಡ ಮಲಗಿತ್ತು.

ಮುಳ್ಳು 73. ಫೋನಿನಲ್ಲಿ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಭಾವನ ಕೈಯಲ್ಲಿ ಇದ್ದದ್ದು ಒಂದು ಕತ್ತಿ. ಕೊಂಬೆ ಕಡಿಯಬಹುದು, ಬೊಡ್ಡೆಯನ್ನಲ್ಲ.

"ಅಪ್ಪಯ್ಯ, ಬೋರಲು ಮಲಗಿ" ಎಂದೆ. ವೈದ್ಯರು ಅದನ್ನೂ ಹೇಳಿದ್ದರು. ಹೊಟ್ಟೆ ಕೆಳಗಾಗಿ ಮಲಗಿದರೆ ಬೆನ್ನಿನ ಕಡೆಯ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ. ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ದಿಂಬು ಕೊಟ್ಟು ಮಗುಚಿಸಿದೆ. ಮುಖ ನನ್ನ ಕಡೆಗೆ ತಿರುಗಿಸಿ, ಕೈ ಹಿಡಿದುಕೊಂಡೆ. 84. 84. 87. ನಿಮಿಷಗಳು ಹೋದವು. 90.

ಹಿಂದಿನಿಂದ ಬೆಳಕು ಬಂತು. ಒಂದು ಪಿಕಪ್, ಅದರಲ್ಲಿ ಇಬ್ಬರು, ತಾಡಪಾಲಿನ ಕೆಳಗೆ ಮರ ಕೊಯ್ಯುವ ಯಂತ್ರ. ಗಾಳಿ-ಮಳೆಯ ಮುನ್ಸೂಚನೆ ಇದ್ದದ್ದರಿಂದ ಜೊತೆಗಿಟ್ಟುಕೊಂಡಿದ್ದರು. ಒಬ್ಬ ಟಾರ್ಚ್ ಬಿಟ್ಟು ಓಮ್ನಿಯೊಳಗೆ ನೋಡಿದ, ಎರಡು ಹೆಜ್ಜೆ ಹಿಂದೆ ಹೋದ. "ಕೊರೊನಾನಾ?" ಭಾವ ಹೌದೆಂದರು. ಮಳೆಯ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಅವನು ತಲೆಯ ಟವೆಲ್ ಬಿಚ್ಚಿ ಮೂಗು-ಬಾಯಿಗೆ ಬಿಗಿದು ಯಂತ್ರದ ಹಗ್ಗ ಎಳೆದ.

ಯಂತ್ರ ಕಿರುಚಿತು. ಬೊಡ್ಡೆಯೊಳಗೆ ಇಳಿಯಿತು, ಇಳಿಯಿತು, ಒಮ್ಮೆಲೆ ಸ್ವರ ದಪ್ಪವಾಗಿ ಉಸಿರುಗಟ್ಟಿ ನಿಂತಿತು. ಮತ್ತೆ ಎಳೆದ. ಅದೇ ಗತಿ. ಅಲ್ಲಾಡಿಸಿದರು, ಜಗ್ಗಿದರು, ಬೈದರು. ಮುಳ್ಳು 62.

ನನ್ನ ಕೈಯೊಳಗಿದ್ದ ಕೈ ಬಿಗಿಯಾಯಿತು. ಅಪ್ಪಯ್ಯ ಮಾಸ್ಕನ್ನು ಸ್ವಲ್ಪ ಎತ್ತಿದರು.

"ಮಾತಾಡ್ಬೇಡಿ ಅಪ್ಪಯ್ಯ!"

"ಕಚ್ಕಂಡದೆ." ಉಸಿರು. "ಎರಡೂ ತುದಿ ಆನಿಕೊಂಡ ಮರ. ಮೇಲಿಂದ ಕೊಯ್ದ್ರೆ... ಕಚ್ಕಣ್ತದೆ." ಉಸಿರು. "ಅಡಿಗೆ ಜಾಕಿ ಕೊಡಿ. ಎತ್ತಿ... ಬಿಡಿಸಿ. ಆಮೇಲೆ ಅಡಿಯಿಂದ ಕೊಯ್ಲಿ. ಕಾಲು ದೂರ ಇಟ್ಕಂಡು."

ಬೋರಲು ಮಲಗಿದವರಿಗೆ ಮರ ಕಾಣುತ್ತಿರಲಿಲ್ಲ. ಐವತ್ತು ವರ್ಷ ತೋಟ, ಕಾಡು, ಮಳೆಗಾಲ ಮಾಡಿದ ಕಿವಿ ಯಂತ್ರದ ಸ್ವರದಲ್ಲೇ ಮರದ ಭಾರ ಯಾವ ಕಡೆಗಿದೆ ಎಂದು ಹಿಡಿದಿತ್ತು. ನಾನು ಮಾಸ್ಕ್ ಒತ್ತಿ ಹಿಡಿದು, ಅವರ ಮಾತನ್ನು ಮಳೆಗೆ ಕೂಗಿದೆ. ಭಾವ ಓಮ್ನಿಯ ಜಾಕಿ ತೆಗೆದು ಕಲ್ಲಿನ ಮೇಲಿಟ್ಟು ತಿರುಗಿಸಿದರು. ಬೊಡ್ಡೆ ನರಳಿತು, ಸೀಳು ಬಾಯಿ ಬಿಟ್ಟಿತು, ಯಂತ್ರ ಹೊರಬಂತು. ಪಿಕಪ್ಪಿನವನು ಈ ಸಲ ಅಡಿಯಿಂದ ಮೇಲಕ್ಕೆ ಕೊಯ್ದ. ಸಿಡಿಲಿನಂಥ ಸದ್ದು. ಮರ ಎರಡಾಗಿ ಕುಸಿಯಿತು. ನಾಲ್ಕು ಜನ ಭುಜ ಕೊಟ್ಟು, ಒಂದು ಓಮ್ನಿ ಹೋಗುವಷ್ಟು ಸಂದಿ ಮಾಡಿದರು.

8.50 – 49.

ಆ ನಾಲ್ಕು ಮಾತಿಗೆ ಅಪ್ಪಯ್ಯ ತೆತ್ತ ಬೆಲೆ ಆಕ್ಸಿಮೀಟರಿನಲ್ಲಿತ್ತು, 83. ಬೋರಲು ಮಲಗಿದ್ದ ಹಾಗೆಯೇ, ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಡುತ್ತ, ನಿಧಾನ ಮೇಲೆ ಬಂದರು. ಸೋಮೇಶ್ವರ ತಲುಪಿದಾಗ 91. ಈಗ ಧೈರ್ಯ ಮಾಡಿ 5ಕ್ಕೆ ಇಳಿಸಿದೆ. ಅದಕ್ಕಿಂತ ಕೆಳಗೆ ಹೋಗುವಂತಿರಲಿಲ್ಲ. ಆ ಮಾಸ್ಕಿಗೆ 5 ಲೀಟರಿಗಿಂತ ಕಡಿಮೆ ಬಿಟ್ಟರೆ ತಾವು ಬಿಟ್ಟ ಉಸಿರನ್ನೇ ತಾವು ಎಳೆದುಕೊಳ್ಳುತ್ತಾರೆ. ಉಳಿದದ್ದು ತೊಂಬತ್ತು ನಿಮಿಷಕ್ಕೆ ಸ್ವಲ್ಪ ಹೆಚ್ಚು.

ಫೋನ್ ಜೀವ ಪಡೆಯಿತು. ತಮ್ಮ ಅಳುತ್ತಿದ್ದನೋ ಬೈಯುತ್ತಿದ್ದನೋ ತಿಳಿಯಲಿಲ್ಲ. ಹಾಸಿಗೆ ಬೇರೆಯವರಿಗೆ ಕೊಡುವ ಮಾತು ಶುರುವಾಗಿತ್ತಂತೆ. "ಘಾಟಿಯಲ್ಲಿದ್ದಾರೆ, ಬಂದೇ ಬರ್ತಾರೆ" ಎಂದು ನಾವೆಲ್ಲಿದ್ದೇವೆಂದು ಗೊತ್ತಿಲ್ಲದೆಯೇ ಹೇಳುತ್ತ ಬಂದಿದ್ದ. ಹೆಬ್ರಿಯಲ್ಲಿ ಪೊಲೀಸರು ಅಡ್ಡಗಟ್ಟಿದರು, ಒಳಗೆ ಬೆಳಕು ಬಿಟ್ಟರು, ಏನೂ ಕೇಳದೆ ಬ್ಯಾರಿಕೇಡ್ ಎಳೆದರು. ಪೆರ್ಡೂರು. ಹಿರಿಯಡ್ಕ, ಮುಳ್ಳು 24. ಪರ್ಕಳದ ಏರಿನಲ್ಲಿ 16. ಕೊನೆಯ ಕೆಂಪು ಗೆರೆಯೊಳಗೆ ಮುಳ್ಳು ಹೊಕ್ಕಿದ್ದಾಗ ಭಾವ ತುರ್ತು ವಿಭಾಗದ ಬಾಗಿಲಿಗೇ ಗಾಡಿ ಒತ್ತಿದರು. ಗಡಿಯಾರ ಹತ್ತೂ ಹತ್ತು.

ಅಪ್ಪಯ್ಯನಿಗೆ ಹಾಕಿದ ಹೈ ಫ್ಲೋ ಯಂತ್ರ ನಿಮಿಷಕ್ಕೆ 60 ಲೀಟರ್‌ವರೆಗೆ ಗಾಳಿ-ಆಮ್ಲಜನಕ ಹರಿಸಬಲ್ಲದು. ಘಾಟಿಯಲ್ಲಿ ಲೀಟರು ಲೀಟರಿಗೆ ಒದ್ದಾಡಿದವಳಿಗೆ ಆ ಗೋಡೆಯ ಕೊಳವೆಯ ಸದ್ದು ನಂಬಲಾಗಲಿಲ್ಲ. ಮುಂದಿನದು ವಾರ್ಡಿನೊಳಗಿನ ಯುದ್ಧ, ನಮಗೆ ಪ್ರವೇಶವಿಲ್ಲದ್ದು. ಸ್ಟಿರಾಯ್ಡ್ ಸಕ್ಕರೆ ಏರಿಸಿತು, ಇನ್ಸುಲಿನ್ ಬಂತು. ದಿನಕ್ಕೊಮ್ಮೆ ಬರುವ ಒಂದು ಕರೆಗಾಗಿ ಮೂರು ಊರುಗಳಲ್ಲಿ ಮೂವರು ಕಾದರು. ಅಮ್ಮ ಗುಡ್ಡ ಹತ್ತಿ ನಿಂತು, ನಾನು ಮಣಿಪಾಲದ ಲಾಡ್ಜಿನಲ್ಲಿ, ತಮ್ಮ ಡಲ್ಲಾಸ್‌ನಲ್ಲಿ. ಲೀಟರುಗಳು ಇಳಿಯುತ್ತ ಬಂದವು. ಜೂನ್ ಮಳೆಯಲ್ಲಿ ಅದೇ ಓಮ್ನಿ ಅದೇ ಘಾಟಿ ಹತ್ತಿತು.

ಸಿಲಿಂಡರ್ ನಮ್ಮಲ್ಲಿ ಉಳಿದಿರಲಿಲ್ಲ. ಆ ರಾತ್ರಿಯೇ ಭಾವ ಅದನ್ನು ತುಂಬಿಸಲು ಮಂಗಳೂರಿನ ಕಡೆ ಹೊರಟಿದ್ದರು. ಬೆಳಗಾಗಿ ಊರು ಸೇರುವಾಗ ಇನ್ನೊಂದು ಮನೆಯವರು ಕಾಯುತ್ತಿದ್ದರು.

ಅಪ್ಪಯ್ಯ ಮನೆಗೆ ಬಂದು ಸ್ವಲ್ಪ ಓಡಾಡುವಂತಾದ ಮೇಲೆ ಆ ಹುಡುಗರನ್ನು ಕರೆಸಿ ದುಡ್ಡು ಚಾಚಿದರು. ಅವರು ಮುಟ್ಟಲಿಲ್ಲ. "ಹಾಗಾದ್ರೆ ಇನ್ನೊಂದು ಸಿಲಿಂಡರ್ ತಗಳಿ, ಎರಡಾಗ್ಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಕೈ ಹಿಡ್ಕಂಡು ಕೂತಿದ್ಯಲ್ಲ, ನಿನ್ನ ಮುಂಗೈ ನನ್ನ ಕಣ್ಣೆದುರಿಗೇ ಇತ್ತು. ನೂರಾಹತ್ತು, ಎಂಬತ್ತೈದು, ನಲವತ್ತೊಂಬತ್ತು, ಎಲ್ಲ ಓದ್ತಾ ಇದ್ದೆ. ಅದಕ್ಕೇ ಉಸಿರು ಸಣ್ಣ ಮಾಡ್ಕಂಡು ಎಳೆದದ್ದು. ಇನ್ನೊಂದ್ಸಲ ನಂಗೆ ಹೇಳ್ದೆ ನನ್ನ ಲೆಕ್ಕ ಹಾಕ್ಬೇಡಿ."