ಛತ್ರದ ದಾರಿಯಲ್ಲಿ

ನಂಜನಗೂಡಿನ 1735ರ ಹಳೆಯ ಸೇತುವೆಯನ್ನು ಮಕ್ಕಳಿಗೆ ತೋರಿಸಿ, ತಿ. ನರಸೀಪುರದ ನಾದಿನಿಯ ಮನೆಗೆ ಹೊರಟಿದ್ದೆವು. ಕಪಿಲೆ ಕಾವೇರಿಯನ್ನು ಸೇರುವುದು ಅಲ್ಲಿಯೇ. ಚಿಕ್ಕಯ್ಯನಛತ್ರದ ಬಳಿ, ಹತ್ತಿರದ ದಾರಿಯೆಂದು ನಾಲೆಯ ಪಕ್ಕದ ಮಣ್ಣಿನ ರಸ್ತೆಗೆ ಕಾರು ಇಳಿಸಿದೆ. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಎರೆಮಣ್ಣಿನಲ್ಲಿ ಚಕ್ರ ಹೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ನಾಲೆಯತ್ತ ಜಾರಿತು. ಹಿಂದಿನ ಸೀಟಿನಲ್ಲಿ ಮಕ್ಕಳು!

ಗದ್ದೆಯಿಂದ ಓಡಿ ಬಂದ ಹೆಂಗಸೊಬ್ಬರು, "ಅಕ್ಕಾ, ಮೊದ್ಲು ಮಕ್ಕಳನ್ನ ಇಳಿಸಿ" ಎಂದು ಚಕ್ರದಡಿ ಒಣಹುಲ್ಲು ಹಾಸಿದರು. ಎರಡನೇ ಗೇರಿನಲ್ಲಿ ಮೆಲ್ಲನೆ ಬಿಟ್ಟಾಗ ಕಾರು ಮೇಲೆ ಬಂತು. ಕೊಟ್ಟ ಹಣ ಮುಟ್ಟಲಿಲ್ಲ.

ಛತ್ರವೆಂದರೆ ದಾರಿಹೋಕರಿಗೆ ಆಸರೆ. ಊರಿನ ಹೆಸರಿನ ಅರ್ಥ ಅಂದು ತಿಳಿಯಿತು. ಸಹೋದರಿಯರೇ, ಮಳೆಗಾಲದಲ್ಲಿ ಮಣ್ಣಿನ ದಾರಿ ಹಿಡಿಯುವ ಮುನ್ನ ಊರಿನವರನ್ನು ಒಂದು ಮಾತು ಕೇಳಿ.