ನೀರು ಇಳಿದಾಗ ಕಂಡ ಊರು

"ಸರ್, ಮರುಭೂಮಿ ನೋಡಬೇಕಂದ್ರ ರಾಜಸ್ಥಾನಕ್ಕ ಹೋಗಬೇಕೇನ್ರಿ?"

ಎಂಟನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ ಈ ಪ್ರಶ್ನೆ ಭೂಗೋಳದ ಮಾಸ್ತರರ ತಲೆಯಲ್ಲಿ ಬೇಸಿಗೆ ರಜೆಯವರೆಗೂ ಉಳಿದುಕೊಂಡಿತ್ತು. ಅಂದು ಅವರು ಪುಸ್ತಕದಲ್ಲಿದ್ದಂತೆಯೇ ಉತ್ತರ ಕೊಟ್ಟಿದ್ದರು. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶ ಮರುಭೂಮಿ. ನಮ್ಮ ಗೋಕಾಕ ಸೀಮೆಯಲ್ಲಿ ಸುಮಾರು 500ರಿಂದ 600 ಮಿಲಿಮೀಟರ್ ಬೀಳುತ್ತದೆ. ಆದ್ದರಿಂದ ಇದು ಮರುಭೂಮಿಯಲ್ಲ, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಬಯಲುಸೀಮೆ. ಹುಡುಗ ಅಷ್ಟಕ್ಕೇ ಬಿಡಲಿಲ್ಲ. "ಹಂಗಾದ್ರ ನಮ್ಮ ಮರಡಿ ಮ್ಯಾಲ ಯಾಕ ಏನೂ ಬೆಳೆಯೂದಿಲ್ರಿ?" ಎಂದ. ಅಷ್ಟರಲ್ಲಿ ಗಂಟೆ ಬಾರಿಸಿತು. ಮಾಸ್ತರರು ಬದುಕಿಕೊಂಡರು.

ಮೇ ತಿಂಗಳ ಕೊನೆಯ ಶನಿವಾರ ಸಂಜೆ ಮೂಡಲಗಿಯಿಂದ ಬಾಲ್ಯದ ಗೆಳೆಯನ ಫೋನು ಬಂತು. "ನಾಳೆ ಖಾಲಿ ಅದೀಯೇನೋ? ಹಿಡಕಲ್ ಡ್ಯಾಮಿನ್ಯಾಗ ನೀರು ತಳಾ ಕಂಡೈತಂತ. ನಮ್ಮ ಊರಿಗೆ ಹೋಗಿ ಬರೂಣು."

ಗೆಳೆಯ ಮೂಡಲಗಿಯಲ್ಲಿ ಎಂಟು ಎಕರೆ ಕಬ್ಬು ಬೆಳೆಯುವ ರೈತ. ಆದರೆ ಅವನು "ನಮ್ಮ ಊರು" ಅಂದದ್ದು ಮೂಡಲಗಿಯನ್ನಲ್ಲ. ಹುಕ್ಕೇರಿ ತಾಲೂಕಿನ ಹುನ್ನೂರನ್ನು. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಹುನ್ನೂರೂ ಒಂದು. ಊರು ಬಿಡುವಾಗ ಗೆಳೆಯನಿಗೆ ಏಳೆಂಟು ವರ್ಷ. ಅವನಿಗೆ ನೆನಪಿದ್ದದ್ದು ಚಕ್ಕಡಿಯ ಮೇಲೆ ಹೇರಿದ ಬಾಗಿಲು, ಅದರ ಮೇಲೆ ಕೂತ ತಾನು, ಅಷ್ಟೇ.

ಮರುದಿನ ನಸುಕಿನಲ್ಲಿ ಮಾಸ್ತರರು ಮೂಡಲಗಿಗೆ ಹೋದಾಗ ಗೆಳೆಯನ ಹಳೆಯ ಮಹೀಂದ್ರಾ ಜೀಪು ಅಂಗಳದಲ್ಲಿ ಗುರುಗುಡುತ್ತಿತ್ತು. ಪಡಸಾಲೆಯ ಮಂಚದ ಮೇಲೆ ಅವನ ತಾಯಿ. ಎಂಬತ್ತು ದಾಟಿದ ಜೀವ. ದೀಪಾವಳಿಯ ನಂತರ ನೆಲಕ್ಕೆ ಕಾಲೂರಿದ್ದಿಲ್ಲ.

"ಅಂಗಳದಾಗ ನಮ್ಮದೊಂದು ಒರಳಕಲ್ಲು ಐತಿ, ತಮ್ಮಾ" ಎಂದಳು ಮಾಸ್ತರರಿಗೆ. "ತೊಲಿ ಒಯ್ದಿವಿ, ಬಾಗಲಾ ಒಯ್ದಿವಿ, ಹಂಚೂ ಇಳಿಸಿಕೊಂಡಿವಿ. ಅದು ನೆಲದಾಗ ಹೂತದ್ದು, ಕೀಳಾಕ ಬರಲಿಲ್ಲ. ಇನ್ನೂ ಐತೋ ಇಲ್ಲೋ ನೋಡಿಕೊಂಡು ಬರ್ರಿ."

ಮಗ ನಕ್ಕ. "ಐವತ್ತು ವರ್ಷ ಆತು ಬೇ, ರಾಡಿ ತುಂಬಿರತೈತಿ."

"ಕಲ್ಲು ಎಲ್ಲಿ ಹೋಗತೈತಿ?" ಎಂದು ಆಕೆ ಕಣ್ಣು ಮುಚ್ಚಿದಳು.

ಮೂಡಲಗಿ 2018ರಿಂದ ಸ್ವತಂತ್ರ ತಾಲೂಕು. ಅದಕ್ಕೂ ಮೊದಲು ಗೋಕಾಕ ತಾಲೂಕಿನ ಭಾಗ. ಊರು ದಾಟಿದರೆ ರಸ್ತೆಯ ಎರಡೂ ಬದಿಗೆ ಕಬ್ಬು. ಕಲ್ಲೋಳಿ ದಾಟಿ ಲೋಳಸೂರ ಸೇತುವೆಗೆ ಬಂದಾಗ ಹೊತ್ತು ಮೂಡಿತ್ತು. ಕೆಳಗೆ ಘಟಪ್ರಭೆ ಅಲ್ಲಲ್ಲಿ ಮಡುಗಟ್ಟಿ ನಿಂತಿದ್ದಳು, ಮಡುವಿನಲ್ಲಿ ಎಮ್ಮೆಗಳು. 2019ರ ಆಗಸ್ಟಿನಲ್ಲಿ ಇದೇ ಸೇತುವೆಯ ಮೇಲೆ ನೀರು ಹರಿದು ಗೋಕಾಕದ ಓಣಿಗಳಿಗೆ ಹೊಳೆ ನುಗ್ಗಿತ್ತೆಂದರೆ ನೋಡದವರು ನಂಬಲಾರರು. ಗೋಕಾಕದಲ್ಲಿ ಗೆಳೆಯ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡ. "ಅವ್ವಗ. ಹಲ್ಲಿಲ್ಲ, ಆದರ ಚೀಪತಾಳ" ಎಂದ.

ಜಲಪಾತದಲ್ಲಿ ನೀರಿರಲಿಲ್ಲ. ಮಳೆಗಾಲದಲ್ಲಿ ಕುದುರೆಲಾಳದ ಆಕಾರದ ಅಂಚಿನಿಂದ ಸುಮಾರು 52 ಮೀಟರ್, ಅಂದರೆ 170 ಅಡಿ ಕೆಳಗೆ ಧುಮುಕುವ ನದಿ ಅಂದು ಬಂಡೆಯ ಮೇಲೊಂದು ಒದ್ದೆಗೆರೆಯಾಗಿತ್ತು. 1887ರಿಂದ ಹತ್ತಿ ಗಿರಣಿಗೆ ದುಡಿದ ನೀರು ಇದೇ. ತೂಗುಸೇತುವೆ ಬರಿಯ ಕಲ್ಲಿನ ಮೇಲೆ ತೂಗುತ್ತಿತ್ತು.

"ನೀರಿಲ್ಲದ ಫಾಲ್ಸ್ ನೋಡಾಕ ಯಾರರ ಬರ್ತಾರೇನೋ?" ಎಂದು ಗೆಳೆಯ ಗೊಣಗಿದ.

ಮಾಸ್ತರರು ಮಾತ್ರ ಬಂಡೆಗೆ ಬಗ್ಗಿ ನಿಂತಿದ್ದರು. ಕಲಾದಗಿ ಶಿಲಾವರ್ಗದ ಮರಳುಗಲ್ಲು, ಕೋಟ್ಯಂತರ ವರ್ಷ ಹಳೆಯದು. ಈ ಕಲ್ಲಿನಲ್ಲಿ ಅಲ್ಲಲ್ಲಿ ಸಣ್ಣ ತೆರೆಗಳ ಗುರುತು ಸಿಗುತ್ತದೆ. ಒಂದಾನೊಂದು ಕಾಲಕ್ಕೆ ತೆಳುನೀರಿನ ತಳದಲ್ಲಿ ಮರಳಿನ ಮೇಲೆ ಮೂಡಿದ ಗೆರೆಗಳೇ ಕಲ್ಲಾಗಿ ಉಳಿದಿವೆ. ಅಂದರೆ ಇಂದು ಗುಡ್ಡವಾಗಿರುವುದು ಅಂದು ನೀರಿನ ತಳ. "ನೀರು ತುಂಬಿದಾಗ ಇದು ಕಾಣೂದಿಲ್ಲ. ಒಣಗಿದಾಗಲೇ ಪಾಠ" ಎಂದರು. ಗೆಳೆಯ ಕೈಯಾಡಿಸಿ ನೋಡಿದ, ಮಾತಾಡಲಿಲ್ಲ.

ಅಲ್ಲಿಂದ ಮುಂದೆ ಡಾಂಬರು ಬಿಟ್ಟು, ಗೊಡಚಿನಮಲ್ಕಿಯ ದಿಕ್ಕು ಹಿಡಿದು ಗಾಡಿದಾರಿಗೆ ಜೀಪು ಇಳಿಯಿತು. ದಾರಿ ಎಂಬುದು ಹೆಸರಿಗೆ. ಮಳೆ ಕೊರೆದ ಕೊರಕಲು, ಗರಸು, ಚಕ್ರದ ಕೆಳಗೆ ಸಿಡಿಯುವ ಕಲ್ಲು. ಸುತ್ತ ಜಾಲಿ, ಕಾರೆಕಂಟಿ, ಒಣಹುಲ್ಲು. ಒಂದು ಏರಿನಲ್ಲಿ ಜೀಪು ಹಿಂದಕ್ಕೆ ಜಾರಿದಾಗ ಮಾಸ್ತರರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ತರಚಿತು. ಗುಡ್ಡದ ನೆತ್ತಿಯಲ್ಲಿ ಕವಳಿಕಂಟಿ ಹಣ್ಣಾಗಿತ್ತು. ಇಬ್ಬರೂ ಹುಡುಗರಂತೆ ಮುಳ್ಳಿಗೆ ಅಂಗಿ ಹರಿಸಿಕೊಂಡು ಬಾಯಿ ಕಪ್ಪು ಮಾಡಿಕೊಂಡರು.

ಅಲ್ಲೇ ನೆರಳಿಗೆ ಕೂತು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಉಣ್ಣುತ್ತ ಮಾಸ್ತರರು ಹುಡುಗನ ಪ್ರಶ್ನೆ ಹೇಳಿದರು. ಗೆಳೆಯ ಕಾಲಿನಿಂದ ನೆಲ ಕೆರೆದ. ನಾಲ್ಕು ಬೆರಳು ಮಣ್ಣು, ಅದರ ಕೆಳಗೆ ಬಂಡೆ. "ಮಳಿ ಬೀಳತೈತಿ ದೋಸ್ತ. ನಿಂದರಾಕ ಜಾಗಾ ಇಲ್ಲ. ಗಿಡಾ ಕಡದ ಮ್ಯಾಲ ಇದ್ದ ಮಣ್ಣೂ ಹಳ್ಳ ಸೇರೈತಿ. ನಮ್ಮ ಹೊಲದಾಗ ಆಳುದ್ದ ಎರಿಮಣ್ಣು, ಮ್ಯಾಲ ಕಾಲುವಿ. ಮಳಿ ಎರಡೂ ಕಡೆ ಒಂದ."

ಪುಸ್ತಕದಲ್ಲಿ ಅರ್ಧ ಪುಟ ಹಿಡಿಯುವ ಉತ್ತರವನ್ನು ಅವನು ಕಾಲ್ಬೆರಳಿನಲ್ಲಿ ತೋರಿಸಿದ್ದ.

ಗೊಡಚಿನಮಲ್ಕಿಯ ಕಣಿವೆಯಲ್ಲಿ ಮಾರ್ಕಂಡೇಯ ನದಿಯೂ ಸೊರಗಿತ್ತು. ಪಾಶ್ಚಾಪುರದ ಕಡೆಯಿಂದ ಹಿಡಕಲ್ ಅಣೆಕಟ್ಟಿಗೆ ಬಂದಾಗ ಮಟಮಟ ಮಧ್ಯಾಹ್ನ. ರಾಜಾ ಲಖಮಗೌಡ ಜಲಾಶಯ ಎಂದು ಇದರ ಹೆಸರು. ಪೂರ್ಣ ಮಟ್ಟ 2175 ಅಡಿ, ಸಂಗ್ರಹ 51 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2832 ಕೋಟಿ ಲೀಟರು. ಈ ಅಂಕಿಗಳನ್ನು ಮಾಸ್ತರರು ಎಷ್ಟು ತರಗತಿಗಳಿಗೆ ಬಾಯಿಪಾಠ ಮಾಡಿಸಿದ್ದರೋ ಲೆಕ್ಕವಿಲ್ಲ. ಅಂಬೋಲಿಯ ಘಟ್ಟದಲ್ಲಿ ವರ್ಷಕ್ಕೆ ಸುಮಾರು ಏಳು ಸಾವಿರ ಮಿಲಿಮೀಟರ್ ಮಳೆ. ಘಟ್ಟದ ಕಡೆಯಿಂದ ಬರುವ ಘಟಪ್ರಭೆಯ ನೀರಿನಿಂದ ಈ ಜಲಾಶಯ ತುಂಬುತ್ತದೆ. ಈಗ ಕಣ್ಣು ಹಾಯುವಷ್ಟು ದೂರ ಬಿರಿದ ಬೂದು ನೆಲ, ನಡುವೆ ನೀಲಿಯ ಪಟ್ಟಿಯಷ್ಟು ನೀರು. ಆ ಹುಡುಗ ಜೊತೆಗಿದ್ದಿದ್ದರೆ ಇದನ್ನೇ ಮರುಭೂಮಿ ಅನ್ನುತ್ತಿದ್ದನೇನೋ!

ಹಿನ್ನೀರಿನ ದಂಡೆ ಹಿಡಿದು ಕಚ್ಚಾದಾರಿಯಲ್ಲಿ ಬಹಳ ಹೊತ್ತು ಸಾಗಿ, ಕೊನೆಗೆ ಗೆಳೆಯ ಜೀಪನ್ನು ಜಲಾಶಯದ ಒಡಲಿಗೇ ಇಳಿಸಿದ. ದೂರದಲ್ಲಿ ವಿಠ್ಠಲನ ಗುಡಿ ಕಾಣುತ್ತಿತ್ತು. ವರ್ಷದ ಬಹುಭಾಗ ನೀರಿನಡಿ ಇದ್ದು, ಬೇಸಿಗೆಯಲ್ಲಿ ಹೊರಬರುವ ಹುನ್ನೂರಿನ ಗುಡಿ ಅದು. ನೂರು ಮಾರು ಹೋಗುವಷ್ಟರಲ್ಲಿ ಮೇಲ್ಪದರ ಕುಸಿದು ಹಿಂದಿನ ಎರಡೂ ಚಕ್ರ ಹಸಿ ಕೆಸರಿಗೆ ಇಳಿದವು. ಒತ್ತಿದಷ್ಟೂ ಒಳಕ್ಕೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕ ಬಂದು ನೋಡಿ, "ಮ್ಯಾಲ ಒಣಗೇತಂತ ನಂಬಬಾರದ್ರಿ. ನೀರು ಹೋದರೂ ಜಾಗಾ ಬಿಟ್ಟಿರೂದಿಲ್ಲ" ಎಂದ. ಮೂವರೂ ಸೇರಿ ಕಂಟಿ ಕಡಿದು ಚಕ್ರದಡಿ ಹಾಸಿದರು. ಮುಕ್ಕಾಲು ತಾಸಿನ ಮೇಲೆ ಜೀಪು ಗಟ್ಟಿನೆಲಕ್ಕೆ ಬಂತು. ಮುಂದಿನದು ಕಾಲ್ನಡಿಗೆ.

ಗುಡಿಗೆ ಕೈಮುಗಿದು ಗೆಳೆಯ ಸುತ್ತ ನೋಡಿದ. ಊರೆಂದರೆ ಮೊಣಕಾಲೆತ್ತರದ ಕಲ್ಲಿನ ಸಾಲುಗಳು. ಕೆಲವು ಗೋಡೆಯ ಬುನಾದಿ, ಕೆಲವು ಬರಿಯ ಗುಪ್ಪೆ. ಓಣಿ ಯಾವುದು, ಮನೆ ಯಾವುದು? ಅವನು ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ನಡೆದ. ಕೊನೆಗೊಂದು ಕಡೆ ಮಣ್ಣಿನಲ್ಲಿ ದುಂಡನೆಯ ಕಲ್ಲಿನ ಬಾಯಿ ಕಂಡಿತು. ಇಬ್ಬರೂ ಕೈಯಿಂದ ರಾಡಿ ತೆಗೆದರು. ಒರಳಕಲ್ಲು! ಒಳಮೈ ಇನ್ನೂ ನುಣ್ಣಗಿತ್ತು.

"ಇದ ನಿಮ್ಮದು?" ಎಂದರು ಮಾಸ್ತರರು.

ಗೆಳೆಯ ಬಹಳ ಹೊತ್ತು ನಿಂತ. "ಗೊತ್ತಾಗವಲ್ತು."

"ಫೋಟೋ ತೆಗಿ. ನಮ್ಮದ ಅಂತ ಹೇಳು. ಮುದುಕಿಗೆ ಸಮಾಧಾನ ಆಗತೈತಿ."

ಗೆಳೆಯ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದ. ಹಿಂದಿರುಗುವ ದಾರಿಯಲ್ಲಿ ಅವನು ಹೆಚ್ಚು ಮಾತಾಡಲಿಲ್ಲ. ಹುಕ್ಕೇರಿಯಲ್ಲಿ ಚಹಾ ಕುಡಿಯಲು ನಿಂತಾಗ ಆದಿಲಶಾಹಿ ಕಾಲದ ಗುಮ್ಮಟಗಳ ಮೇಲೆ ಇಳಿಬಿಸಿಲಿತ್ತು. "ಆಳಿದವರಿಗೆ ಗುಮ್ಮಟ ಐತಿ. ಒರಳಕಲ್ಲಿನ ಮ್ಯಾಲ ಹೆಸರು ಯಾರು ಬರೀತಾರ?" ಎಂದ ಗೆಳೆಯ. ಮಾಸ್ತರರಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದ ಘಟಪ್ರಭಾ, ಧೂಪದಾಳ. 1897ರಲ್ಲಿ ಮುಗಿದ ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಹಿಡಕಲ್ಲಿನಲ್ಲಿ ಬಿಟ್ಟ ನೀರು ಹೊಳೆಗುಂಟ ಇಲ್ಲಿಗೆ ಬಂದು, ಕಾಲುವೆ ಹಿಡಿದು ಮೂಡಲಗಿಯ ಸೀಮೆಗೆ ಹೋಗುತ್ತದೆ. ಒಡ್ಡಿನ ಬಳಿ ಜೀಪು ನಿಲ್ಲಿಸಿ ಗೆಳೆಯ ಹೇಳಿದ, "ನಮ್ಮ ಅಂಗಳದ ಮ್ಯಾಲ ನಿಂತ ನೀರ ನಮ್ಮ ಕಬ್ಬಿಗೆ ಬರತೈತಿ. ಇದನ್ನ ಅವ್ವಗ ಹೆಂಗ ಹೇಳಲಿ, ಮೂವತ್ತು ವರ್ಷದಿಂದ ತಿಳೀವಲ್ತು."

ಮೂಡಲಗಿ ಮುಟ್ಟಿದಾಗ ರಾತ್ರಿ ಎಂಟು. ತಾಯಿ ಎಚ್ಚರವಾಗಿಯೇ ಇದ್ದಳು. ಮಾಸ್ತರರು ಗೆಳೆಯನ ಮುಖ ನೋಡಿದರು. ಗೆಳೆಯ ಮೊಬೈಲನ್ನು ತಾಯಿಯ ಕಣ್ಣಿನ ಹತ್ತಿರ ಹಿಡಿದು, "ಒಂದು ಒರಳ ಸಿಕ್ಕೈತಿ ಬೇ. ನಮ್ಮದೋ ಅಲ್ಲೋ, ನನಗ ತಿಳೀಲಿಲ್ಲ" ಎಂದ.

ಆಕೆ ಕಣ್ಣು ಕಿರಿದು ಮಾಡಿದಳು. "ವಿಠ್ಠಲನ ಗುಡಿ ಯಾವ ಕಡೆ ಬಂತು?"

ಮತ್ತೊಂದು ಫೋಟೋ ತೋರಿಸಿದ. ಆಕೆ ಕ್ಷಣ ನೋಡಿ ಥಟ್ಟನೆ ಅಂದಳು, "ಇದು ನಮ್ಮದಲ್ಲ. ನಮ್ಮದು ಬಾಗಲದ ಎಡಕ್ಕಿತ್ತು. ಇದು ಮೂಲಿಮನಿ ಅತ್ತೀದು. ನಮ್ಮನಿ ಇಲ್ಲಿಂದ ಮೂರನೇದು, ಬೇವಿನ ಗಿಡದ ಆಚಿ."

ಸುಳ್ಳು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಆಕೆಯ ಬಾಯಿ ನಿಲ್ಲಲಿಲ್ಲ. ಮೂಲಿಮನಿಯಿಂದ ಆರಂಭಿಸಿ ಬಾವಿ, ಕುಂಬಾರರ ಆವಿಗೆ, ಶಾಲೆಯ ಕಟ್ಟೆ, ಕಣ, ಹೊಳೆಗೆ ಇಳಿಯುವ ಮೆಟ್ಟಿಲು. ಯಾರ ಮನೆಯ ಹಿಂದೆ ಯಾರ ಹಿತ್ತಲು, ಯಾವ ಗೋಡೆಗೆ ಯಾರು ಜಗಳಾಡಿದರು, ಎಲ್ಲವೂ ಒಂದರ ಹಿಂದೊಂದು ಬಂದವು. ಮಾಸ್ತರರು ಮೊಮ್ಮಗನ ನೋಟುಬುಕ್ಕು ಇಸಿದುಕೊಂಡು ಬರೆಯತೊಡಗಿದರು. ಉತ್ತರ ದಿಕ್ಕಿನ ಬಾಣ ಹಾಕಿ, ಗುಡಿಯನ್ನು ನಡುವೆ ಇಟ್ಟು, ಓಣಿಗಳನ್ನು ಎಳೆದರು. ಅವರು ಬರೆಸಿದ ನಕ್ಷೆಗಳಲ್ಲಿ ಭಾರತವಿತ್ತು, ಜಗತ್ತಿತ್ತು. ನೋಡಿದವರ ಬಾಯಿಂದ ಕೇಳಿ ಬರೆದ ನಕ್ಷೆ ಇದೊಂದೇ. ಮೊಮ್ಮಗ ಅಜ್ಜಿಯ ಮಗ್ಗುಲಲ್ಲಿ ಕೂತು, "ಆಮ್ಯಾಲೆ? ಆಮ್ಯಾಲೆ ಯಾರ ಮನಿ ಆಯಿ?" ಎಂದು ಕೇಳುತ್ತಲೇ ಇದ್ದ. ಗೆಳೆಯ ಕರದಂಟಿನ ಪೊಟ್ಟಣ ಬಿಚ್ಚಿ ತಾಯಿಯ ಕೈಗೊಂದು ತುಂಡು ಕೊಟ್ಟ. ಮಾತಿನ ಭರದಲ್ಲಿ ಆಕೆ ಅದನ್ನು ಹಿಡಿದುಕೊಂಡೇ ಇದ್ದಳು.

ಜೂನಿನಲ್ಲಿ ಶಾಲೆ ಆರಂಭವಾಯಿತು. ಮಾಸ್ತರರು 51 ಟಿಎಂಸಿಯ ಪಾಠ ಮಾಡಿದ ದಿನ ಎಂದಿಲ್ಲದ ಮನೆಗೆಲಸ ಕೊಟ್ಟರು. ಮನೆಯ ಹಿರಿಯರನ್ನು ಕೇಳಿ, ಅವರು ಹುಟ್ಟಿ ಬೆಳೆದ ಓಣಿಯ ನಕ್ಷೆ ಬರೆದು ತರಬೇಕು. ಮರುಭೂಮಿಯ ಹುಡುಗನಿಗೆ ಮಾತ್ರ ಇನ್ನೊಂದು ಕೆಲಸ. ತನ್ನ ಮರಡಿಯಲ್ಲಿ ನೆಲ ಕೆರೆದು, ಮಣ್ಣು ಎಷ್ಟು ಬೆರಳು ಇದೆಯೆಂದು ಅಳೆದು ಬರಬೇಕು.

ಜುಲೈನಲ್ಲಿ ಘಟ್ಟದ ಮಳೆ ಹಿಡಿಯಿತು. ಜಲಾಶಯಕ್ಕೆ ದಿನದಿನವೂ ನೀರು ಏರುತ್ತಿರುವ ಸುದ್ದಿ ಪತ್ರಿಕೆಯಲ್ಲಿ ಬರತೊಡಗಿತು. ಒಂದು ಸಂಜೆ ಮೊಮ್ಮಗ ಅದನ್ನು ಓದಿ ಹೇಳಿದಾಗ ಮುದುಕಿ ಲೆಕ್ಕ ಹಾಕುವವಳಂತೆ ಸುಮ್ಮನಿದ್ದು, "ಹಂಗಾರ ನಮ್ಮ ಓಣಿ ಮುಚ್ಚಿರತೈತಿ" ಎಂದಳು. ಆಮೇಲೆ ಮಗನ ಕಡೆ ತಿರುಗಿ, "ಇನ್ನ ಕಾಲುವಿಗೆ ಬಿಡ್ತಾರ. ಕಬ್ಬಿನ ಬದು ಹಸನ ಮಾಡಿಸು" ಎಂದಳು.

ಮೂವತ್ತು ವರ್ಷದಿಂದ ಹೇಗೆ ಹೇಳಲೆಂದು ಮಗ ತಿಣುಕಿದ ಮಾತು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು.