ನಮ್ಮ ಅವ್ವನ ಎರಡನೆಯ ಹೊಲ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಾವು ಕಂಡುಂಡ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರ ಅಪ್ಪಣೆಯಾಗಿದೆ. ಗೃಹಕೃತ್ಯ, ಶಿಶುಪಾಲನೆ, ಉದ್ಯೋಗಸ್ಥ ಸ್ತ್ರೀಯರ ಕಷ್ಟಸುಖ ಮುಂತಾದುವುಗಳನ್ನು ನನಗಿಂತ ಚೆನ್ನಾಗಿ ಬಲ್ಲ ಸಹೋದರಿಯರು ಬರೆಯುವರೆಂಬ ಧೈರ್ಯದಿಂದ, ನಾನು ಒಂದು ಆಟದ ಸಂಗತಿಯನ್ನು ಹೇಳಹೊರಟಿರುವೆನು. ಅದೂ ಕಂಪ್ಯೂಟರಿನ ಆಟ. ಇದನ್ನೋದುವ ತಾಯಿತಂದೆಗಳು ಹುಬ್ಬು ಗಂಟಿಕ್ಕುವುದಕ್ಕೆ ಮೊದಲು ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ: ಈ ಆಟವನ್ನು ಆಡಿದವಳು ಶಾಲೆಯ ಹುಡುಗಿಯಲ್ಲ, ಅರವತ್ತೆರಡು ವರ್ಷ ವಯಸ್ಸಾಗಿದ್ದ ನನ್ನ ಅವ್ವ.

ನಮ್ಮದು ಹರಿಹರ ತಾಲ್ಲೂಕಿನ ನಂದಿಗುಡಿ. ನಾನು ಈ ಶಾಲೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನಮ್ಮ ಊರು ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು; ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ವಿಳಾಸ ಬದಲಾಯಿತೇ ಹೊರತು ಊರಿನ ಬದುಕು ಬದಲಾಗಲಿಲ್ಲ. ತುಂಗಭದ್ರೆ ಸಮೀಪದಲ್ಲಿಯೇ ಹರಿಯುತ್ತಿದ್ದರೂ ಆ ಸೀಮೆಯ ಭತ್ತದ ಬೇಸಾಯಕ್ಕೆ ದೊಡ್ಡ ಆಧಾರ ಭದ್ರಾ ಕಾಲುವೆಯ ನೀರು. ಲಕ್ಕವಳ್ಳಿಯ ಜಲಾಶಯದಲ್ಲಿ ಬಿಟ್ಟ ನೀರು ನೂರಾರು ಹಳ್ಳಿಗಳ ಗದ್ದೆಗಳನ್ನು ತೋಯಿಸಿ ಅಚ್ಚುಕಟ್ಟಿನ ಕೊನೆಯಂಚಿಗೆ ಬರುವ ವೇಳೆಗೆ ಬಡವಾಗಿರುತ್ತದೆ. ರಾತ್ರಿ ಕಂದೀಲು ಹಿಡಿದು ತೂಬಿನ ಬಳಿ ಕಾಯುತ್ತಿದ್ದ ಅಪ್ಪನಿಗೆ ಬುತ್ತಿ ಕೊಂಡೊಯ್ದುದು ನನ್ನ ಬಾಲ್ಯದ ನೆನಪುಗಳಲ್ಲಿ ಮುಖ್ಯವಾದುದು.

ನಮಗಿದ್ದದ್ದು ಮೂರು ತುಂಡು ಭೂಮಿ. ಬೇವಿನ ಮರದ ಗದ್ದೆ, ನಡುವಿನ ಗದ್ದೆ, ಹೊಳೆಯ ಕಡೆಯ ಹೊಲ ಎಂದು ಅವ್ವನು ಅವುಗಳನ್ನು ಮಕ್ಕಳ ಹೆಸರಿನಂತೆ ಕರೆಯುತ್ತಿದ್ದಳು. ಅಪ್ಪನು ತೀರಿಕೊಂಡ ಮೇಲೆ ಸಾಲ ತೀರಿಸುವುದಕ್ಕೂ ಪಾಲು ಹಂಚುವುದಕ್ಕೂ ೨೦೦೯ರಲ್ಲಿ ಮೂರನ್ನೂ ಮಾರಬೇಕಾಯಿತು. ಕೊಂಡವರು ನಡುವಣ ಬದುಗಳನ್ನು ಕಿತ್ತು ಎಲ್ಲವನ್ನೂ ಒಂದೇ ಬಯಲು ಮಾಡಿದರು. ಅವರ ಹಣ, ಅವರ ಭೂಮಿ, ತಪ್ಪೇನೂ ಇಲ್ಲ. ಅವ್ವನು ದಾವಣಗೆರೆಯಲ್ಲಿದ್ದ ನನ್ನ ತಮ್ಮನ ಮನೆಗೆ ಬಂದಳು. ಬೆಳಗಿನ ನಾಲ್ಕು ಗಂಟೆಗೆ ಏಳುವ ಅಭ್ಯಾಸ ಮಾತ್ರ ಅವಳ ಜೊತೆಗೇ ಬಂದಿತು. ಎದ್ದು ಮಾಡುವುದಕ್ಕೆ ಕೆಲಸವಿಲ್ಲದೆ, ಎರಡನೆಯ ಮಹಡಿಯ ಕಿಟಕಿಯ ಬಳಿ ಕುಳಿತು ಬೆಳಕಾಗುವುದನ್ನೇ ನೋಡುತ್ತಿದ್ದಳು.

ಆ ಕಾಲಕ್ಕೆ ಫಾರ್ಮ್‌ವಿಲ್ ಎಂಬ ಆಟವು ಲೋಕವನ್ನೆಲ್ಲ ಆವರಿಸಿತ್ತು. ಅಮೆರಿಕದ ಜಿಂಗಾ ಎಂಬ ಕಂಪೆನಿಯು ೨೦೦೯ರ ಜೂನ್ ತಿಂಗಳಲ್ಲಿ ಇದನ್ನು ಫೇಸ್‌ಬುಕ್ಕಿನಲ್ಲಿ ಹೊರತಂದಿತು. ಮರುವರ್ಷ ಆ ಕಂಪೆನಿಯು ನಮ್ಮ ಬೆಂಗಳೂರಿನಲ್ಲಿಯೂ ಕಚೇರಿ ತೆರೆಯಿತು. ೨೦೧೦ರ ಸುಮಾರಿಗೆ ತಿಂಗಳೊಂದಕ್ಕೆ ಎಂಟು ಕೋಟಿಗೂ ಹೆಚ್ಚು ಜನರು ಇದನ್ನು ಆಡುತ್ತಿದ್ದರೆಂಬುದು ಪ್ರಸಿದ್ಧವಾದ ಲೆಕ್ಕ. ಆಟವೆಂದರೆ ಇಷ್ಟೆ: ಒಂದು ಹಸುರು ಬಯಲು. ಅದನ್ನು ಉಳಬೇಕು, ಬೀಜ ಕೊಂಡು ಬಿತ್ತಬೇಕು, ಬೆಳೆ ಬಂದಾಗ ಕೊಯ್ಯಬೇಕು. ಸ್ಟ್ರಾಬೆರಿಗೆ ನಾಲ್ಕು ಗಂಟೆ, ಭತ್ತಕ್ಕೆ ಹನ್ನೆರಡು ಗಂಟೆ, ಗೋಧಿಗೆ ಮೂರು ದಿನ. ಈ ಗಂಟೆಗಳು ಆಟದ ಗಂಟೆಗಳಲ್ಲ, ಗೋಡೆಯ ಗಡಿಯಾರದ ಗಂಟೆಗಳು. ಬೆಳೆದು ನಿಂತ ಪೈರನ್ನು ಸಕಾಲದಲ್ಲಿ ಕೊಯ್ಯದಿದ್ದರೆ ಬಾಡಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು.

ನನ್ನ ತಮ್ಮನ ಮಗಳು ಅಜ್ಜಿಯ ಕೈಗೆ ಮೌಸು ಕೊಟ್ಟು ಒಂದು ಚೌಕವನ್ನು ಉಳಿಸಿದಳು. ಅವ್ವನಿಗೆ ಇಂಗ್ಲಿಷು ಬಾರದು. ಆದರೆ ಬೀಜದಂಗಡಿಯ ಚಿತ್ರಗಳಲ್ಲಿ ಭತ್ತವನ್ನು ಗುರುತಿಸುವುದಕ್ಕೆ ಇಂಗ್ಲಿಷು ಏತಕ್ಕೆ? ಮೊದಲ ದಿನ ಅವಳು ಕೇಳಿದ ಪ್ರಶ್ನೆಯು ನಮ್ಮ ಮನೆಯಲ್ಲಿ ಗಾದೆಯಾಗಿ ನಿಂತಿದೆ.

“ಇದಕ್ಕ ನೀರು ಎಲ್ಲಿಂದ ಬರ್ತೈತವ್ವಾ?”

“ಇದಕ್ಕೆ ನೀರು ಬೇಡ ಅಜ್ಜಿ.”

“ನೀರು ಬ್ಯಾಡದ ಭತ್ತ! ನಿಮ್ಮಜ್ಜ ಇದ್ದಿದ್ರ ನಕ್ಕೋತ ಸಾಯ್ತಿದ್ದ.”

ನಕ್ಕಳಾದರೂ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಭತ್ತ ಬಿತ್ತಿದರೆ ಬೆಳಗಿನ ನಾಲ್ಕಕ್ಕೆ ಕೊಯ್ಲಿಗೆ ಬರುವುದೆಂಬ ಲೆಕ್ಕವನ್ನು ತಾನೇ ಕಂಡುಹಿಡಿದಳು. ಅಂದಿನಿಂದ ಅವಳ ನಾಲ್ಕು ಗಂಟೆಗೆ ಕೆಲಸ ಸಿಕ್ಕಿತು. ಒಂದೊಂದು ಚೌಕವನ್ನೂ ಬೇರೆಬೇರೆಯಾಗಿ ಒತ್ತಿ ಉಳುವುದು, ಬಿತ್ತುವುದು, ಕೊಯ್ಯುವುದು ಮೊಮ್ಮಗಳಿಗೆ ಬೇಸರವೆನಿಸಿದರೂ ಅಜ್ಜಿಗೆ ಅದೇ ಇಷ್ಟ. ಮುಂದೆ ಆಟದಲ್ಲಿ ಟ್ರ್ಯಾಕ್ಟರು ಬಂದಿತು. ಅದಕ್ಕೆ ಎಣ್ಣೆ ಬೇಕೆಂದು ತಿಳಿದ ಕೂಡಲೆ ಅವ್ವನು ಅದನ್ನು ಮೂಲೆಗೆ ನಿಲ್ಲಿಸಿ ಮತ್ತೆ ಮುಟ್ಟಲಿಲ್ಲ. ಟ್ರ್ಯಾಕ್ಟರಿನ ಬಾಡಿಗೆಯಿಂದ ಬೆಂದವರ ವಿವೇಕ ಅದು.

ಈಗ ನಮ್ಮ ಶಾಲೆಯ ಸಹೋದರಿಯರಿಗೆ ಸಂಬಂಧಪಟ್ಟ ಭಾಗಕ್ಕೆ ಬರುತ್ತೇನೆ. ಆ ಆಟದಲ್ಲಿ ಒಬ್ಬರೇ ಬಹಳ ದೂರ ಹೋಗುವಂತಿರಲಿಲ್ಲ, ನೆರೆಹೊಲದವರು ಬೇಕಾಗಿತ್ತು. ನೆರೆಯವರು ಬಂದು ನಿಮ್ಮ ಪೈರಿಗೆ ಗೊಬ್ಬರ ಹಾಕುವರು, ಗಿಡಗಳನ್ನೂ ದನಕರುಗಳನ್ನೂ ಉಡುಗೊರೆಯಾಗಿ ಕಳುಹಿಸುವರು. ಹಿಂಡು ತಪ್ಪಿ ಬಂದ ಕುರಿಯೊಂದು ನಿಮ್ಮ ಹೊಲದಲ್ಲಿ ನಿಂತಿದ್ದರೆ ಅದನ್ನು ಸಾಕಿಕೊಳ್ಳುವರು. ಅದೇ ವರ್ಷಗಳಲ್ಲಿ ಫೇಸ್‌ಬುಕ್ಕಿನ ಮೂಲಕ ನಮ್ಮ ಹಾಸ್ಟೆಲಿನ ಗೆಳತಿಯರಲ್ಲಿ ಹಲವರು ಒಬ್ಬರಿಗೊಬ್ಬರು ಮತ್ತೆ ದೊರಕಿದ್ದೆವು. ಮೂವರು ಹುಬ್ಬಳ್ಳಿಯಲ್ಲಿ, ಒಬ್ಬಳು ಕಾಸರಗೋಡಿನಲ್ಲಿ, ಇಬ್ಬರು ವಿದೇಶದಲ್ಲಿ. ಅವರೆಲ್ಲರೂ ಅವ್ವನ ನೆರೆಯವರಾದರು. ಒಂದು ಗಿಡ ಬಂದರೆ ಸಾಕು, “ಇದನ್ನ ಕಳಿಸಿದಾಕಿ ಯಾರ ಮಗಳು? ಆಕಿಗೆ ನಾವೇನು ಕೊಟ್ಟೀವಿ?” ಎಂದು ವಿಚಾರಿಸಿ, ಅಂದೇ ಮುಯ್ಯಿ ತೀರಿಸುವಳು. ಹಳ್ಳಿಯಲ್ಲಿ ನಾಟಿಯ ಕಾಲಕ್ಕೆ ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಹೋಗುವ ಮುಯ್ಯಾಳಿನ ಪದ್ಧತಿಯನ್ನು ಬಲ್ಲವಳಿಗೆ ಈ ಆಟವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಮೆರಿಕದವರು ಮುಯ್ಯಾಳನ್ನು ಹೊಸದಾಗಿ ಕಂಡುಹಿಡಿದೆವೆಂದು ತಿಳಿದುಕೊಂಡಿದ್ದರೆ ಅದು ಅವರ ಭಾಗ್ಯ.

ಒಂದು ದಿನ ರಜೆಗೆಂದು ಹೋದ ನಾನು ಕಂಪ್ಯೂಟರಿನ ಪರದೆಯನ್ನು ನೋಡಿ ಮಾತಿಲ್ಲದೆ ನಿಂತೆನು. ಆಟದಲ್ಲಿ ಅಲಂಕಾರಕ್ಕೆಂದು ಹುಲ್ಲಿನ ಪಿಂಡಿಗಳು ಮಾರಾಟಕ್ಕಿದ್ದವು, ಬಣ್ಣಬಣ್ಣದವೂ ಇದ್ದವು. ಅವ್ವನು ಅವುಗಳನ್ನು ಸಾಲಾಗಿಟ್ಟು ಬದುಗಳನ್ನು ಕಟ್ಟಿದ್ದಳು. ಒಂದು ಕಡೆ ಉದ್ದಕ್ಕೂ ನೀಲಿ ಪಿಂಡಿಗಳ ಸಾಲು, ಅದು ಹೊಳೆ. ಮೇಲ್ಗಡೆ ಒಂಟಿ ಮರ. ಬೇವು ಆ ಅಂಗಡಿಯಲ್ಲಿ ಇಲ್ಲವಾದ್ದರಿಂದ ಯಾವುದೋ ಪರದೇಶದ ಮರ, ಆದರೆ ಬೇವಿನ ಜಾಗದಲ್ಲಿ ನಿಂತದ್ದು. ಬದುಗಳು ತಿರುಗುವ ಕಡೆ ತಿರುಗಿದ್ದವು; ನಡುವಿನ ಗದ್ದೆಯ ಮೂಲೆ ಕಿರಿದಾಗಿದ್ದುದು ಇಲ್ಲಿಯೂ ಕಿರಿದಾಗಿತ್ತು. ನಂದಿಗುಡಿಯಲ್ಲಿ ಅಳಿಸಿಹೋಗಿದ್ದ ನಮ್ಮ ಮೂರು ತುಂಡು ಭೂಮಿಯು ಅಲ್ಲಿ ಇದ್ದಂತೆಯೇ ಇತ್ತು. ಅವ್ವನು ಅದರ ವಿಷಯವಾಗಿ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

೨೦೧೭ರಲ್ಲಿ ಅವ್ವನು ಕಾಲವಾದಳು. ಉತ್ತರಕ್ರಿಯೆಗಳು ಮುಗಿದ ಮೇಲೆ ಒಂದು ರಾತ್ರಿ ಅವಳ ಹೊಲವನ್ನು ತೆರೆದು ನೋಡಿದೆನು. ಪೈರೆಲ್ಲ ಬಾಡಿತ್ತು. ಬದುಗಳು ಮಾತ್ರ ಸ್ವಸ್ಥಾನದಲ್ಲಿದ್ದವು. ಅಂದಿನಿಂದ ಮೂರು ವರ್ಷಕ್ಕೂ ಮಿಕ್ಕಿ ಅದನ್ನು ನಾನು ಬೇಸಾಯ ಮಾಡಿದೆನು. ಅಷ್ಟರಲ್ಲಿ ಲೋಕವು ಆ ಆಟವನ್ನು ಬಹುಮಟ್ಟಿಗೆ ಮರೆತಿತ್ತು. ನೆರೆಯವರ ಹೊಲಗಳೂ ಬೀಳುಬಿದ್ದಿದ್ದವು. ಹಾಗಿದ್ದರೂ ಸಂಜೆ ಭತ್ತ ಬಿತ್ತಿ ಬೆಳಗ್ಗೆ ಕೊಯ್ಯುವುದನ್ನು ನಡೆಸಿಕೊಂಡು ಬಂದೆನು.

ಆಟವು ನಿಂತ ಕಾರಣವನ್ನು ತಿಳಿಸಬೇಕು. ಫಾರ್ಮ್‌ವಿಲ್ ಕಟ್ಟಲ್ಪಟ್ಟದ್ದು ಅಡೋಬಿ ಕಂಪೆನಿಯ ಫ್ಲ್ಯಾಶ್ ಎಂಬ ತಂತ್ರದ ಮೇಲೆ. ಭದ್ರತೆಯ ದೋಷಗಳು ಹೆಚ್ಚಿದುದರಿಂದಲೂ ಹೊಸ ವಿಧಾನಗಳು ಬಂದುದರಿಂದಲೂ ೨೦೨೦ರ ಕೊನೆಗೆ ಫ್ಲ್ಯಾಶನ್ನು ನಿಲ್ಲಿಸುವುದಾಗಿ ೨೦೧೭ರಲ್ಲಿಯೇ ಸಾರಲಾಗಿತ್ತು. ಅಡಿಗಲ್ಲು ಹೋದ ಮೇಲೆ ಮನೆ ನಿಲ್ಲಲಾರದು. ೨೦೨೦ರ ಡಿಸೆಂಬರ್ ೩೧ರಂದು ಫಾರ್ಮ್‌ವಿಲ್ ಮುಚ್ಚಿತು. ಅದೇ ಹೆಸರಿನ ಬೇರೆ ಆಟಗಳು ಮುಂಚೆಯೂ ಆಮೇಲೆಯೂ ಬಂದವು. ಅವುಗಳಲ್ಲಿ ಅವ್ವನ ಬದುಗಳಿಲ್ಲ.

ಫ್ಲ್ಯಾಶಿನ ಬೇರೆ ಆಟಗಳಿಗೆ ಇಷ್ಟು ಕೆಟ್ಟ ಗತಿ ಬರಲಿಲ್ಲವೆಂದು ಆಮೇಲೆ ತಿಳಿದುಕೊಂಡೆನು. ಫ್ಲ್ಯಾಶ್‌ಪಾಯಿಂಟ್ ಎಂಬ ಹೆಸರಿನಿಂದ ಕೆಲವು ಉತ್ಸಾಹಿಗಳು ೨೦೧೮ರಿಂದ ಅಂತಹ ಲಕ್ಷಕ್ಕೂ ಮೀರಿದ ಆಟಗಳನ್ನು ಉಳಿಸಿಟ್ಟಿದ್ದಾರೆ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯೂ ಸಾವಿರಾರನ್ನು ಕಾಪಾಡಿತು. ಆದರೆ ಹಾಗೆ ಉಳಿದವು ತಮ್ಮಷ್ಟಕ್ಕೆ ತಾವೇ ಪೂರ್ಣವಾಗಿದ್ದ ಆಟಗಳು. ಅವ್ವನ ಹೊಲವು ಅವಳ ಕಂಪ್ಯೂಟರಿನಲ್ಲಿ ಇರಲಿಲ್ಲ. ಎಲ್ಲಿಯೋ ದೂರದ ಸರ್ವರುಗಳಲ್ಲಿತ್ತು. ಅವಳಿಗೆ ಕಾಣುತ್ತಿದ್ದದ್ದು ಕಿಟಕಿ ಮಾತ್ರ. ಕಿಟಕಿಯನ್ನು ಎತ್ತಿ ಬೇರೆ ಗೋಡೆಗೆ ಕೂರಿಸಿದರೆ ಹಿಂದಿನ ಬಯಲು ಕಂಡೀತೆ?

ನಾವು ಹಾಸ್ಟೆಲಿನ ಜಗಲಿಯಲ್ಲಿ ಆಡುತ್ತಿದ್ದ ಅಳಗುಳಿಮಣೆಯು ಕಳೆದುಹೋದರೆ ನೆಲದಲ್ಲಿ ಹದಿನಾಲ್ಕು ಗುಳಿ ತೋಡಿ ಹುಣಸೆಬೀಜ ಹಾಕಿದರೆ ಆಟವು ಮತ್ತೆ ಬಂದಿತು. ಚೌಕಾಬಾರಕ್ಕೆ ಒಂದು ಚೂರು ಸುಣ್ಣ ಸಾಕು. ಹಳೆಯ ಗುಡಿಗಳ ಜಗಲಿಗಲ್ಲುಗಳಲ್ಲಿ ಕೊರೆದ ಮನೆಗಳ ಮೇಲೆ ಇಂದಿಗೂ ಮಕ್ಕಳು ಕಲ್ಲು ನಡೆಸಬಹುದು. ಈಗಿನ ಆಟಗಳ ಸ್ಥಿತಿ ಹಾಗಲ್ಲ. ಪೆಂಗ್ವಿನ್ ಹಕ್ಕಿಗಳ ಕ್ಲಬ್ ಪೆಂಗ್ವಿನ್ ಎಂಬ ಮಕ್ಕಳ ಆಟವು ೨೦೦೫ರಲ್ಲಿ ಆರಂಭವಾಗಿ ೨೦೧೭ರ ಮಾರ್ಚ್ ತಿಂಗಳಲ್ಲಿ ಮುಗಿಯಿತು. ನನ್ನ ಮಗನ ಆಟ ಪಬ್‌ಜಿ. ನಮ್ಮ ಸರಕಾರವು ೨೦೨೦ರ ಸೆಪ್ಟೆಂಬರ್ ೨ರಂದು ೧೧೮ ಆಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ಮರುವರ್ಷ ಬೇರೆ ಹೆಸರಿನಿಂದ ಭಾರತಕ್ಕೆಂದೇ ತಿರುಗಿ ಬಂದಿತು. ೨೦೨೨ರಲ್ಲಿ ಮತ್ತೆ ಮರೆಯಾಗಿ ೨೦೨೩ರಲ್ಲಿ ಮತ್ತೆ ಕಂಡಿತು. ಅವನು ಅದನ್ನು ಪುನಃ ಹಾಕಿಕೊಂಡು ಎರಡು ದಿನ ಆಡಿ ಬಿಟ್ಟನು. ಜೊತೆಯ ನಾಲ್ವರು ಅಷ್ಟರಲ್ಲಿ ನಾಲ್ಕು ಊರುಗಳ ಕಾಲೇಜುಗಳನ್ನು ಸೇರಿದ್ದರಂತೆ. ಆ ಆಟದ ಗುಂಡಿನ ಸದ್ದು ನನಗೆ ಎಂದೂ ಹಿಡಿಸಲಿಲ್ಲ. ಆದರೂ ಅವನ ಮುಖವನ್ನು ನೋಡಿ ಏನನ್ನೂ ಹೇಳದಾದೆನು.

ಇದು ನಮ್ಮೊಂದು ಮನೆಯ ದುಃಖವಲ್ಲ. ಅಮೆರಿಕದ ಒಂದು ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಹಿಂದೆ ಆ ದೇಶದಲ್ಲಿ ಹೊರಬಂದ ವಿಡಿಯೋ ಆಟಗಳಲ್ಲಿ ಶೇಕಡ ೮೭ ಅಂಗಡಿಯಲ್ಲಿ ದೊರೆಯುವುದಿಲ್ಲ. ೨೦೧೪ರಲ್ಲಿ ಬಂದ ದಿ ಕ್ರ್ಯೂ ಎಂಬ ಕಾರಿನ ಆಟವನ್ನು ೨೦೨೪ರ ಮಾರ್ಚ್ ೩೧ರಂದು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರೂ ಆಡದಂತಾಯಿತು. ಅದರ ಮೇಲೆ ಯೂರೋಪಿನಲ್ಲಿ ಎದ್ದ ಮನವಿಗೆ ೨೦೨೫ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಸಹಿ ಮಾಡಿದರು. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಬಳಸುವ ಅನುಮತಿಯನ್ನು ಮಾತ್ರವೆಂದು ಮಾರುವವರು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ೨೦೨೫ರಿಂದ ಜಾರಿಯಲ್ಲಿದೆ. ಗೇಣಿಗೆ ಮಾಡಿದವರಿಗೆ ಇದೇನು ಹೊಸ ವಿಚಾರವಲ್ಲ. ಉಳುವವನೇ ಒಡೆಯನೆಂಬ ಮಾತು ಆ ಹೊಲಗಳಿಗೆ ಇನ್ನೂ ಮುಟ್ಟಿಲ್ಲ, ಅಷ್ಟೆ.

೨೦೨೦ರ ಡಿಸೆಂಬರ್ ತಿಂಗಳ ಆ ಕೊನೆಯ ಸಂಜೆ ನಾನು ಎಂದಿನಂತೆ ನಾಲ್ಕು ಗಂಟೆಗೆ ಭತ್ತ ಬಿತ್ತಿದೆನು. ಬಳಿಕ ಪರದೆಯ ಚಿತ್ರಗಳನ್ನು ತೆಗೆದು ಮುದ್ರಿಸಿ ಇಟ್ಟುಕೊಂಡೆನು. ಮೊನ್ನೆ ನನ್ನ ತಮ್ಮನ ಮಗಳು, ಈಗ ಕೃಷಿ ಪದವೀಧರೆ, ಆ ಚಿತ್ರವನ್ನು ಹಿಡಿದು ನಂದಿಗುಡಿಗೆ ಹೋಗಿ ಬಂದಳು. ಈಗಿನ ಒಡೆಯರು ಬಹಳ ಮರ್ಯಾದೆಯಿಂದ ಕಂಡರಂತೆ. ಚಿತ್ರದ ಒಂಟಿ ಮರದ ಜಾಗದಲ್ಲಿ ನೆಲ ಕೆದಕಿದಾಗ ಬೇವಿನ ಹಳೆಯ ಬೊಡ್ಡೆಯ ಬೇರುಗಳು ಸಿಕ್ಕವು.

ಆದರೆ ನನ್ನಲ್ಲಿರುವುದು ಕೊನೆಯ ವರ್ಷದ ಚಿತ್ರಗಳು ಮಾತ್ರ. ಅಷ್ಟರಲ್ಲಿ ಹೊಳೆಯ ಕಡೆಯ ಹೊಲವು ಉಡುಗೊರೆಯ ಗಿಡಗಳಿಂದ ಮುಚ್ಚಿಹೋಗಿತ್ತು. ಯಾರೇ ಕೊಟ್ಟುದನ್ನಾದರೂ ಅವ್ವನು ಕಿತ್ತುಹಾಕಲೊಲ್ಲಳು. ಅಲ್ಲಿ ಒಂದು ಬಾವಿಯನ್ನು ಅವಳು ಎಲ್ಲಿ ಗುರುತಿಸಿದ್ದಳೆಂಬುದು ಈಗ ಕಾಣದು. ಆಟದಲ್ಲಿ ಹೊಲದ ಚಿತ್ರವನ್ನು ತೆಗೆದು ಫೇಸ್‌ಬುಕ್ಕಿನಲ್ಲಿ ಹಾಕುವ ಕ್ಯಾಮರಾ ಒಂದಿತ್ತು; ೨೦೧೦ರಿಂದ ೨೦೧೩ರವರೆಗೆ ಅವ್ವನು ಅದನ್ನು ಒತ್ತಿ ನಿಮ್ಮಲ್ಲಿ ಹಲವರಿಗೆ ತೋರಿಸಿದ್ದುಂಟು. ಹಾಸ್ಟೆಲಿನ ಗೆಳತಿಯರಲ್ಲಿ ಅವಳ ನೆರೆಯವರಾಗಿದ್ದವರು ತಮ್ಮ ಹಳೆಯ ಚಿತ್ರಗಳನ್ನು ದಯವಿಟ್ಟು ಒಮ್ಮೆ ಹುಡುಕಿ ನೋಡಿರಿ. ನೀಲಿ ಪಿಂಡಿಗಳ ಸಾಲು ಇರುವ ಹೊಲವು ಕಂಡರೆ, ಅದು ನಮ್ಮದು. ಸಂಪಾದಕಿಯವರ ಮೂಲಕ ನನಗೆ ತಲುಪಿಸಿರಿ.